ಸಿಬಿಲ್ ಸ್ಕೋರ್ 800 ದಾಟಿದ್ದರೂ ಅಮೆರಿಕದಲ್ಲಿ ಕಾರ್ಡ್ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ಕಳೆದ ಅಕ್ಟೋಬರ್‌ನಲ್ಲಿ ಎಚ್‌1ಬಿ ವೀಸಾದ ಮೇಲೆ ಟೆಕ್ಸಾಸ್‌ನ ಡಲ್ಲಾಸ್‌ಗೆ ಬಂದು ಏಳು ತಿಂಗಳಾಯಿತು. ಭಾರತದಲ್ಲಿ ಗೃಹಸಾಲ, ಕಾರಿನ ಸಾಲ, ಎರಡು ಕ್ರೆಡಿಟ್ ಕಾರ್ಡ್‌ಗಳನ್ನು ಹತ್ತು ವರ್ಷ ಒಂದು ಕಂತೂ ತಪ್ಪದೆ ನಡೆಸಿದ್ದೇನೆ; ಸಿಬಿಲ್ ಸ್ಕೋರ್ 800ಕ್ಕೂ ಹೆಚ್ಚಿದೆ. ಆದರೂ ಇಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಬ್ಯಾಂಕ್‌ಗಳು ನನ್ನ ಕಾರ್ಡ್ ಅರ್ಜಿಯನ್ನು ತಿರಸ್ಕರಿಸಿವೆ. ಅವುಗಳಲ್ಲಿ ಒಂದು ನನ್ನ ಸಂಬಳ ಜಮೆಯಾಗುವ ಬ್ಯಾಂಕೇ. ಕಳೆದ ವರ್ಷದ ತೆರಿಗೆ ಲೆಕ್ಕದಲ್ಲಿ ನಾನು ಅನಿವಾಸಿ ಎಂದಾಗಿತ್ತು, ಅದೇ ಅಡ್ಡಿಯಾಗಿರಬಹುದೇ? ಕಾರಿಲ್ಲದೆ ಇಲ್ಲಿ ಓಡಾಟ ಸಾಧ್ಯವಿಲ್ಲ, ಆದರೆ ಡೀಲರ್ ಹೇಳಿದ 15 ಪರ್ಸೆಂಟ್ ಬಡ್ಡಿ ಕೇಳಿ ವಾಪಸ್ ಬಂದೆ. ಕಾರ್ಡ್ ಸಿಕ್ಕ ಮೇಲೆ ಪ್ರತಿ ತಿಂಗಳು ಸ್ವಲ್ಪ ಬಾಕಿ ಉಳಿಸಿಕೊಂಡರೆ ಸ್ಕೋರ್ ಬೇಗ ಏರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಎಚ್‌4 ವೀಸಾದಲ್ಲಿರುವ ನನ್ನ ಪತ್ನಿಗೆ ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆಯಾದ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲ. ಹಣ ಕೊಟ್ಟರೆ ಅದರ ಬದಲಿಗೆ ಅವಳಿಗೆ ‘ಸಿಪಿಎನ್’ ಎಂಬ ಒಂಬತ್ತು ಅಂಕಿಯ ಸಂಖ್ಯೆ ಮಾಡಿಸಿಕೊಡುತ್ತೇವೆ ಎಂದು ಒಂದು ಏಜೆನ್ಸಿಯವರು ಬೆನ್ನು ಹತ್ತಿದ್ದಾರೆ. ಎರಡು ಮೂರು ವರ್ಷಗಳಲ್ಲಿ ನಾವು ಊರಿಗೆ ಮರಳಬಹುದು. ಅಷ್ಟಕ್ಕೆ ಇಷ್ಟೆಲ್ಲ ಮಾಡಬೇಕೇ?

ಉತ್ತರ: ಮೊದಲು ನಿಮ್ಮ ಮನಸ್ಸಿನಲ್ಲಿರುವ ಅಳುಕಿನ ಬಗ್ಗೆ ಹೇಳಿಬಿಡುತ್ತೇನೆ. ನಾಲ್ಕು ಬ್ಯಾಂಕ್‌ಗಳು ಬೇಡವೆಂದ ಮೇಲೆ ತಮ್ಮ ಹೆಸರು ಎಲ್ಲೋ ಕಪ್ಪುಪಟ್ಟಿಗೆ ಸೇರಿದೆ ಎಂದು ಭಾವಿಸುವವರು ನನ್ನ ಬಳಿಗೆ ಆಗಾಗ ಬರುತ್ತಾರೆ. ನಿಮ್ಮ ವಿಷಯದಲ್ಲಿ ಹಾಗೇನೂ ಆಗಿಲ್ಲ. ಬ್ಯಾಂಕ್‌ಗಳು ನಿಮ್ಮ ಹೆಸರಿನ ಕಡತ ಕೇಳಿದಾಗ ಅವರ ಕೈಗೆ ಬಂದದ್ದು ಖಾಲಿ ಹಾಳೆ. ಕೆಟ್ಟ ಕಡತವನ್ನು ಸರಿಪಡಿಸಲು ವರ್ಷಗಳೇ ಬೇಕು. ಖಾಲಿ ಕಡತಕ್ಕೆ ಮೊದಲ ಸ್ಕೋರ್ ಬರಲು ಆರು ತಿಂಗಳು ಸಾಕು. ಆದರೆ ಆ ಆರು ತಿಂಗಳ ಎಣಿಕೆ ನೀವು ಅಮೆರಿಕಕ್ಕೆ ಕಾಲಿಟ್ಟ ದಿನದಿಂದ ಶುರುವಾಗುವುದಿಲ್ಲ, ನಿಮ್ಮ ಹೆಸರಿನಲ್ಲಿ ಮೊದಲ ಸಾಲದ ಖಾತೆ ತೆರೆದ ದಿನದಿಂದ ಶುರುವಾಗುತ್ತದೆ. ಈ ಒಂದು ಸಂಗತಿ ತಿಳಿಯದೆ ಏಳು ತಿಂಗಳು ಕಳೆದಿದೆ, ಅಷ್ಟೇ.

ಸಿಬಿಲ್ ಇಲ್ಲಿ ಏಕೆ ಲೆಕ್ಕಕ್ಕೆ ಬರಲಿಲ್ಲ ಎಂಬುದಕ್ಕೆ ಬರೋಣ. ಅಮೆರಿಕದಲ್ಲಿ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಕ್ರೆಡಿಟ್ ಬ್ಯೂರೋಗಳು, ಅಂದರೆ ಜನರ ಸಾಲದ ಕಡತಗಳನ್ನು ಇಡುವ ಸಂಸ್ಥೆಗಳು, ಮುಖ್ಯವಾದವು. ಈ ಮೂರೂ ಭಾರತದಲ್ಲಿಯೂ ಕೆಲಸ ಮಾಡುತ್ತವೆ. ನಮ್ಮ ಸಿಬಿಲ್‌ನ ಪೂರ್ಣ ಹೆಸರೇ ಟ್ರಾನ್ಸ್‌ಯೂನಿಯನ್ ಸಿಬಿಲ್. ಹೀಗಿರುವಾಗ ಅಲ್ಲಿನ ದಾಖಲೆ ಇಲ್ಲಿಗೆ ತಾನಾಗಿ ಬರುತ್ತದೆಂದು ಯಾರಾದರೂ ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಪ್ರತಿಯೊಂದು ದೇಶದ ಕಡತಗಳು ಆಯಾ ದೇಶದ ಕಾನೂನಿಗೆ ಒಳಪಟ್ಟು ಪ್ರತ್ಯೇಕವಾಗಿಯೇ ಇರುತ್ತವೆ. ಹೆಸರು ಒಂದೇ ಆದರೂ ಗಡಿ ದಾಟಿ ಅವು ಬೆರೆಯುವುದಿಲ್ಲ. ಅಳತೆಗೋಲೂ ಬೇರೆ: ಸಿಬಿಲ್ 300ರಿಂದ 900ರವರೆಗೆ ಇದ್ದರೆ, ಇಲ್ಲಿನ ಸಾಲದಾತರು ಹೆಚ್ಚಾಗಿ ಬಳಸುವ ಫೈಕೋ ಸ್ಕೋರ್ 300ರಿಂದ 850ರವರೆಗೆ ಇರುತ್ತದೆ. ನೀವು ಭಾರತದ ಕ್ರೆಡಿಟ್ ಕಾರ್ಡನ್ನು ಇಲ್ಲಿನ ಅಂಗಡಿಗಳಲ್ಲಿ ಎಷ್ಟು ಉಜ್ಜಿದರೂ ಅದರ ದಾಖಲೆ ಭಾರತಕ್ಕೇ ಹೋಗುತ್ತದೆ. ಡೆಬಿಟ್ ಕಾರ್ಡಿನ ಬಳಕೆಯಂತೂ ಯಾವ ಬ್ಯೂರೋಗೂ ಹೋಗುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ನಿಮಗೆ ಸಾಲ ಕೊಟ್ಟಿಲ್ಲ. ಸಂಬಳದ ಬ್ಯಾಂಕ್ ಕೂಡ ಬೇಡವೆಂದದ್ದು ಇದೇ ಕಾರಣಕ್ಕೆ. ಉಳಿತಾಯ ಅಥವಾ ಚೆಕಿಂಗ್ ಖಾತೆಯಲ್ಲಿ ಎಷ್ಟು ಹಣವಿದೆ ಎಂಬುದು ಕ್ರೆಡಿಟ್ ರಿಪೋರ್ಟಿನಲ್ಲಿ ಬರುವುದೇ ಇಲ್ಲ.

ತೆರಿಗೆಯ ಅನಿವಾಸಿ ಸ್ಥಾನಮಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಸ್ಥಾನಮಾನವನ್ನು ನಿಶ್ಚಯಿಸುವುದು ನೀವು ದೇಶದೊಳಗೆ ಇದ್ದ ದಿನಗಳ ಲೆಕ್ಕ: ಈ ವರ್ಷದ ಎಲ್ಲ ದಿನಗಳು, ಹಿಂದಿನ ವರ್ಷದ ದಿನಗಳಲ್ಲಿ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಸೇರಿ 183 ಆಗಬೇಕು. ಅಕ್ಟೋಬರ್‌ನಲ್ಲಿ ಬಂದವರಿಗೆ ಆ ವರ್ಷ ಅದು ಮುಟ್ಟುವುದಿಲ್ಲ. ಈ ವರ್ಷ ಇಲ್ಲಿಯೇ ಇದ್ದರೆ ತಾನಾಗಿಯೇ ಮುಟ್ಟುತ್ತದೆ. ಬ್ಯೂರೋಗಳ ಕಡತದಲ್ಲಿ ನಿಮ್ಮ ವೀಸಾದ ವರ್ಗವಾಗಲಿ, ತೆರಿಗೆಯ ಸ್ಥಾನಮಾನವಾಗಲಿ, ಪೌರತ್ವವಾಗಲಿ ಇರುವುದಿಲ್ಲ, ಸ್ಕೋರ್ ಲೆಕ್ಕಕ್ಕೂ ಅವು ಸೇರುವುದಿಲ್ಲ. ಆದರೆ ಒಂದು ಎಚ್ಚರಿಕೆ ಹೇಳಬೇಕು. ಸಾಲ ಕೊಡುವಲ್ಲಿ ಸಮಾನ ಅವಕಾಶ ನೀಡಬೇಕೆಂಬ 1974ರ ಕಾನೂನು ಅರ್ಜಿದಾರರ ಜನಾಂಗ, ಮೂಲದೇಶ, ಧರ್ಮಗಳನ್ನು ನೋಡಿ ಸಾಲ ನಿರಾಕರಿಸುವುದನ್ನು ನಿಷೇಧಿಸುತ್ತದೆ. ಆದರೆ ಅರ್ಜಿದಾರರು ಇಲ್ಲಿ ಎಷ್ಟು ಕಾಲ ಇರಬಲ್ಲರು, ಖಾಯಂ ನಿವಾಸಿಯೇ ಅಲ್ಲವೇ ಎಂದು ಸಾಲದಾತರು ಕೇಳುವುದನ್ನು ಅದರ ನಿಯಮಗಳು ತಡೆಯುವುದಿಲ್ಲ. ಹಾಗಾಗಿ ಕಾರ್ಡಿಗೆ ಅಡ್ಡಿಯಾಗದ ವೀಸಾ, ಐದು ವರ್ಷದ ವಾಹನ ಸಾಲಕ್ಕೆ ಅಡ್ಡಿಯಾಗಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಈಗ ಆ ನಾಲ್ಕು ತಿರಸ್ಕಾರ ಪತ್ರಗಳನ್ನು ಹುಡುಕಿ ಮೇಜಿನ ಮೇಲಿಟ್ಟುಕೊಳ್ಳಿ. ಬಹುತೇಕ ಜನರು ಅವನ್ನು ಬೇಸರದಿಂದ ಹರಿದು ಹಾಕುತ್ತಾರೆ, ಆದರೆ ಈ ಹಂತದಲ್ಲಿ ನಿಮಗೆ ಅವಕ್ಕಿಂತ ಉಪಯುಕ್ತವಾದ ಕಾಗದ ಬೇರೊಂದಿಲ್ಲ. ಅರ್ಜಿ ಪೂರ್ಣವಾಗಿ ತಲುಪಿದ ಮೂವತ್ತು ದಿನಗಳಲ್ಲಿ ಬ್ಯಾಂಕ್ ತನ್ನ ನಿರ್ಧಾರವನ್ನು ತಿಳಿಸಬೇಕು. ತಿರಸ್ಕರಿಸಿದ್ದರೆ ನಿರ್ದಿಷ್ಟ ಕಾರಣ ಹೇಳಬೇಕು, ಕಾರಣ ಹೇಳದಿದ್ದರೆ ಅದನ್ನು ಕೇಳುವ ಹಕ್ಕು ನಿಮಗಿದೆ ಎಂದಾದರೂ ತಿಳಿಸಬೇಕು. ಕ್ರೆಡಿಟ್ ರಿಪೋರ್ಟ್ ನೋಡಿ ತಿರಸ್ಕರಿಸಿದ್ದಾದರೆ ಯಾವ ಬ್ಯೂರೋದಿಂದ ತರಿಸಿಕೊಂಡದ್ದು ಎಂಬುದೂ ಪತ್ರದಲ್ಲಿರಬೇಕು, ಮತ್ತು ಅರವತ್ತು ದಿನಗಳೊಳಗೆ ಕೇಳಿದರೆ ಆ ಬ್ಯೂರೋ ತನ್ನ ರಿಪೋರ್ಟನ್ನು ನಿಮಗೆ ಉಚಿತವಾಗಿ ಕೊಡಬೇಕು. ಪತ್ರದಲ್ಲಿ ‘ಕ್ರೆಡಿಟ್ ಕಡತ ಇಲ್ಲ’ ಅಥವಾ ‘ಕ್ರೆಡಿಟ್ ಅನುಭವ ಕಡಿಮೆ’ ಎಂದಿದ್ದರೆ ಅದು ಖಾಲಿ ಹಾಳೆಯ ಸಮಸ್ಯೆ. ಖಾತೆ ತೆರೆದು ಕಾಯುವುದೇ ಪರಿಹಾರ. ‘ಗುರುತನ್ನು ಖಚಿತಪಡಿಸಿಕೊಳ್ಳಲಾಗಲಿಲ್ಲ’ ಅಥವಾ ‘ವಾಸಸ್ಥಳವನ್ನು ಖಚಿತಪಡಿಸಿಕೊಳ್ಳಲಾಗಲಿಲ್ಲ’ ಎಂದಿದ್ದರೆ ಸಮಸ್ಯೆಯೇ ಬೇರೆ, ಎಷ್ಟು ಕಾದರೂ ಅದು ತಾನಾಗಿ ಸರಿಹೋಗುವುದಿಲ್ಲ.

ಈ ಎರಡನೆಯ ಸಮಸ್ಯೆ ಕರ್ನಾಟಕದಿಂದ ಬಂದವರನ್ನು ಹೆಚ್ಚಾಗಿ ಕಾಡುತ್ತದೆ ಎಂಬುದನ್ನು ನಾನು ಗಮನಿಸಿದ್ದೇನೆ, ಕಾರಣ ನಮ್ಮ ಹೆಸರಿನ ಪದ್ಧತಿ. ಊರಿನಲ್ಲಿ ‘ಕೆ. ಆರ್. ಸುರೇಶ’ ಎಂದು ಬರೆಯುತ್ತಿದ್ದವರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳು ಬಿಡಿಸಿಕೊಂಡು ಮನೆತನದ ಹೆಸರಿನ ಜಾಗದಲ್ಲಿ ‘ಕಡೂರು ರಾಮಯ್ಯ’ ಎಂದೂ ಸ್ವಂತ ಹೆಸರಿನ ಜಾಗದಲ್ಲಿ ‘ಸುರೇಶ’ ಎಂದೂ ಆಗಿರುತ್ತದೆ. ಕಂಪನಿಯ ಸಂಬಳದ ಚೀಟಿಯಲ್ಲಿ ಅವರು ‘ಸುರೇಶ ಕಡೂರು’ ಆಗುತ್ತಾರೆ. ಬ್ಯಾಂಕಿನವರು ರಾಮಯ್ಯನನ್ನು ಕೊನೆಯ ಹೆಸರೆಂದು ತಿಳಿದು ‘ಸುರೇಶ ಕೆ. ರಾಮಯ್ಯ’ ಎಂದು ಬರೆದುಕೊಳ್ಳುತ್ತಾರೆ. ಬಾಡಿಗೆ ಕರಾರಿನಲ್ಲಿ ಇನ್ನೊಂದು ರೂಪ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬರುವುದುಂಟು. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ ಅದು. ಕೊನೆಗೆ ಕ್ರೆಡಿಟ್ ರಿಪೋರ್ಟಿನಲ್ಲೂ ಅದೇ ಅವರ ಹೆಸರಾಗಿ ಕುಳಿತಿರುತ್ತದೆ. ಇದರ ಜೊತೆಗೆ ತಾರೀಖಿನ ತೊಡಕು ಬೇರೆ: ಇಲ್ಲಿ ತಿಂಗಳನ್ನು ಮೊದಲು ಬರೆಯುವುದರಿಂದ ಜೂನ್ 4ರಂದು ಹುಟ್ಟಿದವರು ಅಭ್ಯಾಸಬಲದಿಂದ ‘04/06’ ಎಂದು ತುಂಬಿದರೆ ಏಪ್ರಿಲ್ 6ರಂದು ಹುಟ್ಟಿದವರಾಗುತ್ತಾರೆ. ಕಂಪ್ಯೂಟರ್ ಈ ವ್ಯತ್ಯಾಸಗಳನ್ನು ಕಂಡು ಒಂದೋ ಗುರುತು ಹೊಂದಿಕೆಯಾಗುತ್ತಿಲ್ಲ ಎನ್ನುತ್ತದೆ, ಇಲ್ಲವೇ ಒಬ್ಬರಿಗೇ ಎರಡು ಕಡತ ತೆರೆದು ಅರ್ಧ ಇತಿಹಾಸವನ್ನು ಒಂದರಲ್ಲೂ ಉಳಿದರ್ಧವನ್ನು ಇನ್ನೊಂದರಲ್ಲೂ ಹಾಕುತ್ತದೆ. ಬೇರೆಯವರ ಸಾಲ ನಿಮ್ಮ ಕಡತಕ್ಕೆ ಸೇರಿಕೊಳ್ಳುವ ಸಂಭವವೂ ಇದೆ, ಆದರೆ ಅದು ಕಡಿಮೆ.

ಆದ್ದರಿಂದ ಹೊಸ ಅರ್ಜಿ ಹಾಕುವ ಮುನ್ನ ಮಾಡಬೇಕಾದ ಕೆಲಸ ಇದು. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಮೇಲೆ ಹೆಸರು ಹೇಗಿದೆಯೋ ಅದನ್ನೇ ಆಧಾರವಾಗಿಟ್ಟುಕೊಂಡು ಬ್ಯಾಂಕ್, ಕಂಪನಿ, ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್ ಎಲ್ಲದರಲ್ಲೂ ಅಕ್ಷರಶಃ ಅದೇ ರೂಪಕ್ಕೆ ತನ್ನಿ. ವಿಳಾಸದಲ್ಲಿ ಅಪಾರ್ಟ್‌ಮೆಂಟ್ ಸಂಖ್ಯೆಯನ್ನು ಒಂದು ಕಡೆ ಬರೆದು ಇನ್ನೊಂದು ಕಡೆ ಬಿಡಬೇಡಿ. ಬಳಿಕ ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್ ಎಂಬ ಅಧಿಕೃತ ತಾಣದಿಂದ ಮೂರೂ ಬ್ಯೂರೋಗಳ ರಿಪೋರ್ಟ್ ಕೇಳಿ. ಈಗ ವಾರಕ್ಕೊಮ್ಮೆ ಕೇಳಿದರೂ ಅದು ಉಚಿತ, ಮತ್ತು ನೀವೇ ನಿಮ್ಮ ರಿಪೋರ್ಟ್ ನೋಡಿಕೊಂಡರೆ ಸ್ಕೋರ್ ಕುಗ್ಗುತ್ತದೆ ಎಂಬುದು ಸುಳ್ಳು. ಹೊಸಬರಿಗೆ ಆ ತಾಣ ಕೆಲವೊಮ್ಮೆ ‘ಮಾಹಿತಿ ಸಿಗಲಿಲ್ಲ’ ಎಂದು ಉತ್ತರಿಸುತ್ತದೆ. ಆಗ ಪಾಸ್‌ಪೋರ್ಟ್, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ವಿಳಾಸದ ದಾಖಲೆಗಳ ಪ್ರತಿಗಳೊಂದಿಗೆ ಅಂಚೆಯಲ್ಲಿ ಬರೆದು ಕೇಳಬೇಕು. ಕಡತವೇ ಇಲ್ಲ ಎಂಬ ಉತ್ತರ ಬಂದರೆ ಅದರಲ್ಲೂ ಒಂದು ಸಮಾಧಾನವಿದೆ: ತಿದ್ದಬೇಕಾದ ತಪ್ಪೇನೂ ಅಲ್ಲಿಲ್ಲ ಎಂದಾಯಿತು.

ನಾಲ್ಕು ಅರ್ಜಿಗಳಿಂದ ಆದ ನಷ್ಟ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಬ್ಯಾಂಕ್ ನಿಮ್ಮ ಕಡತ ತರಿಸಿಕೊಂಡ ಪ್ರತಿ ಸಲವೂ ‘ಹಾರ್ಡ್ ಎನ್‌ಕ್ವಯರಿ’ ಎಂಬ ಒಂದು ಸಾಲು ಬೀಳುತ್ತದೆ. ಅದು ಎರಡು ವರ್ಷ ರಿಪೋರ್ಟಿನಲ್ಲಿ ಇರುತ್ತದೆ, ಆದರೆ ಫೈಕೋ ಲೆಕ್ಕಕ್ಕೆ ಕಳೆದ ಹನ್ನೆರಡು ತಿಂಗಳವು ಮಾತ್ರ ಬರುತ್ತವೆ. ಐದನೆಯ ಅರ್ಜಿಯನ್ನು ಮಾತ್ರ ಆತುರದಲ್ಲಿ ಹಾಕಬೇಡಿ. ಒಂದೇ ಖಾತೆಯೂ ಇಲ್ಲದ ಕಡತದಲ್ಲಿ ಎನ್‌ಕ್ವಯರಿಗಳ ಸಾಲುಗಳಷ್ಟೇ ಕಂಡರೆ, ಯಾರ ಬಳಿಯೂ ಸಾಲ ಹುಟ್ಟದೆ ಅಲೆಯುತ್ತಿರುವವರ ಕಡತದಂತೆ ಅದು ತೋರುತ್ತದೆ.

ಕಡತವನ್ನು ತುಂಬಿಸುವ ದಾರಿಗಳಲ್ಲಿ ಮೊದಲು ನೋಡಬೇಕಾದದ್ದು ಭಾರತದ ದಾಖಲೆಯನ್ನೇ ಬಳಸಿಕೊಳ್ಳುವ ದಾರಿ. ತಾನಾಗಿ ಗಡಿ ದಾಟದ ಆ ದಾಖಲೆಯನ್ನು ನಿಮ್ಮ ಒಪ್ಪಿಗೆ ಪಡೆದು ತರಿಸಿ, ಇಲ್ಲಿನ ಸಾಲದಾತರಿಗೆ ಅರ್ಥವಾಗುವ ರೂಪದಲ್ಲಿ ಕೊಡುವ ನೋವಾ ಕ್ರೆಡಿಟ್ ಎಂಬ ಸಂಸ್ಥೆಯಿದೆ. ಅಮೆರಿಕನ್ ಎಕ್ಸ್‌ಪ್ರೆಸ್ 2019ರಿಂದ ಭಾರತವೂ ಸೇರಿ ಕೆಲವು ದೇಶಗಳಿಂದ ಬಂದ ಹೊಸಬರ ಅರ್ಜಿಗಳಿಗೆ ಈ ವ್ಯವಸ್ಥೆಯನ್ನು ಬಳಸುತ್ತಿದೆ. ಭಾರತದಲ್ಲಿ ನಿಮಗೆ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯೇ ಕೊಟ್ಟ ಕಾರ್ಡ್ ಇದ್ದರೆ, ಆ ನಂಟಿನ ಬಲದ ಮೇಲೆ ಇಲ್ಲಿನ ಕಾರ್ಡಿಗೆ ಅರ್ಜಿ ಹಾಕುವ ಪ್ರತ್ಯೇಕ ಸೌಲಭ್ಯವೂ ಇದೆ. ನೀವು ಹಾಕಿದ ನಾಲ್ಕರಲ್ಲಿ ಇದಿಲ್ಲದಿದ್ದರೆ ಐದನೆಯ ಅರ್ಜಿ ಇದಾಗಲಿ. ಆದರೆ ಎರಡು ಮಾತು ನೆನಪಿರಲಿ. ಮೊದಲನೆಯದು, ಈ ವ್ಯವಸ್ಥೆ ಆ ಒಬ್ಬ ಸಾಲದಾತರ ಬಾಗಿಲನ್ನು ಮಾತ್ರ ತೆರೆಸುತ್ತದೆ. ನಿಮ್ಮ ಹತ್ತು ವರ್ಷಗಳು ಅಮೆರಿಕದ ಬ್ಯೂರೋ ಕಡತಕ್ಕೆ ಸೇರುವುದಿಲ್ಲ, ಅಲ್ಲಿ ಹೊಸ ಕಾರ್ಡಿನ ಮೊದಲ ತಿಂಗಳಿಂದಲೇ ಲೆಕ್ಕ. ಎರಡನೆಯದು, ಇಲ್ಲಿಗೆ ಬಂದ ಗಡಿಬಿಡಿಯಲ್ಲಿ ಭಾರತದ ಖಾತೆಯನ್ನು ಎನ್‌ಆರ್‌ಒಗೆ, ಅಂದರೆ ಅನಿವಾಸಿ ಭಾರತೀಯರ ಖಾತೆಗೆ, ಬದಲಿಸುವಾಗ ಗೃಹಸಾಲದ ಕಂತು ತಾನಾಗಿ ಕಟ್ಟಿಹೋಗುವ ಮ್ಯಾಂಡೇಟ್ ಕಡಿದುಹೋಗಿ ಒಂದೆರಡು ಕಂತು ತಪ್ಪಿಸಿಕೊಂಡವರಿದ್ದಾರೆ. ಈಗ ಆಸರೆಯಾಗಬೇಕಾದ ಸಿಬಿಲ್‌ಗೇ ಅದರಿಂದ ಪೆಟ್ಟು ಬೀಳುತ್ತದೆ, ಒಮ್ಮೆ ಪರೀಕ್ಷಿಸಿಕೊಳ್ಳಿ.

ಅದು ಫಲಿಸದಿದ್ದರೆ ಸೆಕ್ಯೂರ್ಡ್ ಕಾರ್ಡ್. ಇದು ಠೇವಣಿ ಇಟ್ಟು ಪಡೆಯುವ ಕ್ರೆಡಿಟ್ ಕಾರ್ಡ್. ಸಾಮಾನ್ಯವಾಗಿ 200ರಿಂದ 500 ಡಾಲರ್ ಇಟ್ಟರೆ ಅಷ್ಟೇ ಮಿತಿಯ ಕಾರ್ಡ್ ಕೊಡುತ್ತಾರೆ. ಒಳ್ಳೆಯ ಸಂಬಳವಿರುವವರಿಗೆ ಇದು ಅವಮಾನವೆನಿಸುತ್ತದೆ. ಹಾಗೆ ಅಂದುಕೊಳ್ಳುವ ಅಗತ್ಯವಿಲ್ಲ. ಬ್ಯೂರೋಗೆ ಹೋಗುವ ವರದಿಯಲ್ಲಿ ಇದೂ ಒಂದು ಕಾರ್ಡ್ ಖಾತೆಯೇ. ನೀವು ಬಿಲ್ ಕಟ್ಟುತ್ತಿರುವವರೆಗೆ ಠೇವಣಿಯ ಹಣವನ್ನು ಬ್ಯಾಂಕ್ ಮುಟ್ಟುವುದಿಲ್ಲ, ಒಂದು ವರ್ಷದ ಆಸುಪಾಸಿನಲ್ಲಿ ಅನೇಕ ಬ್ಯಾಂಕ್‌ಗಳು ಖಾತೆಯನ್ನು ಪರಿಶೀಲಿಸಿ ಅದನ್ನು ಮರಳಿಸಿ ಸಾಮಾನ್ಯ ಕಾರ್ಡಿಗೆ ಬದಲಾಯಿಸಿಕೊಡುತ್ತವೆ. ತೆಗೆದುಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಮೂರು: ಮೂರೂ ಬ್ಯೂರೋಗಳಿಗೆ ವರದಿ ಮಾಡುತ್ತೀರಾ, ವಾರ್ಷಿಕ ಶುಲ್ಕ ಇದೆಯೇ, ಠೇವಣಿ ಯಾವಾಗ ಮರಳುತ್ತದೆ. ಮೊದಲನೆಯ ಪ್ರಶ್ನೆಗೆ ಇಲ್ಲ ಎಂದರೆ ಆ ಕಾರ್ಡ್ ನಿಮಗೆ ಬೇಡ. ಪ್ರೀಪೇಡ್ ಕಾರ್ಡ್ ಎಂಬುದು ಬೇರೆಯೇ ವಸ್ತು, ಅದರಿಂದ ಕ್ರೆಡಿಟ್ ಹಿಸ್ಟರಿ ಬೆಳೆಯುವುದಿಲ್ಲ. ಸದಸ್ಯರೇ ಒಡೆಯರಾಗಿರುವ ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್‌ಗಳಲ್ಲಿ ಸಿಗುವ ಕ್ರೆಡಿಟ್ ಬಿಲ್ಡರ್ ಸಾಲವೂ ಉಂಟು. ಸಾಲದ ಹಣವನ್ನು ಅವರೇ ಇಟ್ಟುಕೊಂಡು, ನೀವು ಕಂತುಗಳನ್ನೆಲ್ಲ ಕಟ್ಟಿದ ಮೇಲೆ ಕೊಡುತ್ತಾರೆ. ನಿಮಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಬಾಡಿಗೆಯನ್ನು ಬ್ಯೂರೋಗೆ ವರದಿ ಮಾಡಿಸುವ ಸೇವೆಗಳೂ ಅಷ್ಟೇ: ಮನೆಮಾಲೀಕರು ಉಚಿತವಾಗಿ ಮಾಡಿದರೆ ಮಾಡಲಿ, ತಿಂಗಳು ತಿಂಗಳು ಹಣ ತೆತ್ತು ಮಾಡಿಸಬೇಡಿ, ಎಲ್ಲ ಸ್ಕೋರ್ ಮಾದರಿಗಳೂ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾರ್ಡ್ ಸಿಕ್ಕ ಮೇಲೆ ಅದನ್ನು ಹೇಗೆ ನಡೆಸಬೇಕೆಂಬುದರಲ್ಲಿ ನಿಮ್ಮ ಸಹೋದ್ಯೋಗಿಯ ಸಲಹೆ ಪೂರ್ತಿ ತಪ್ಪು. ಫೈಕೋ ಲೆಕ್ಕದಲ್ಲಿ ಪಾವತಿಯ ಇತಿಹಾಸಕ್ಕೆ 35, ಬಾಕಿಯ ಪ್ರಮಾಣಕ್ಕೆ 30, ಇತಿಹಾಸದ ಅವಧಿಗೆ 15, ಹೊಸ ಸಾಲಗಳಿಗೆ 10, ಸಾಲದ ವೈವಿಧ್ಯಕ್ಕೆ 10 ಪರ್ಸೆಂಟ್‌ನಷ್ಟು ತೂಕವಿದೆ. ಬಡ್ಡಿ ಕಟ್ಟಿದವರಿಗೆ ಹೆಚ್ಚು ಅಂಕ ಎಂಬುದು ಇದರಲ್ಲೆಲ್ಲೂ ಇಲ್ಲ. ಬಾಕಿ ಉಳಿಸಿಕೊಂಡರೆ ಲಾಭವಾಗುವುದು ಬ್ಯಾಂಕಿಗೆ. ಈ ನಂಬಿಕೆ ಎಲ್ಲಿಂದ ಹುಟ್ಟಿತೆಂದರೆ, ಕಾರ್ಡನ್ನು ಬಳಸುತ್ತಿರಬೇಕು, ಸ್ಟೇಟ್‌ಮೆಂಟಿನಲ್ಲಿ ಏನಾದರೂ ಮೊತ್ತ ಕಾಣಿಸಬೇಕು ಎಂಬ ಮಾತು ನಿಜ. ಸ್ಟೇಟ್‌ಮೆಂಟಿನಲ್ಲಿ ಕಾಣಿಸುವುದು ಒಂದು, ಗಡುವು ದಾಟಿದರೂ ಬಾಕಿ ಉಳಿಸಿಕೊಳ್ಳುವುದು ಇನ್ನೊಂದು.

ನಿಮ್ಮ ಕಾರ್ಡಿನ ಮಿತಿ 300 ಡಾಲರ್, ಸ್ಟೇಟ್‌ಮೆಂಟ್ ತಯಾರಾಗುವುದು ಪ್ರತಿ ತಿಂಗಳ 18ಕ್ಕೆ ಎಂದಿಟ್ಟುಕೊಳ್ಳಿ. 15ರಂದು ದಿನಸಿಗೆ 240 ಡಾಲರ್ ಖರ್ಚಾಯಿತು. 18ರ ಸ್ಟೇಟ್‌ಮೆಂಟಿನಲ್ಲಿ 240 ಬಂತು. ಹಣ ಕಟ್ಟಲು ಕನಿಷ್ಠ 21 ದಿನ ಸಮಯ ಕೊಡಬೇಕೆಂಬ ನಿಯಮವಿರುವುದರಿಂದ ನೀವು ಮುಂದಿನ ತಿಂಗಳ ಮೊದಲ ವಾರದಲ್ಲಿ ಪೂರ್ತಿ ಕಟ್ಟಿದಿರಿ. ಒಂದು ಸೆಂಟ್ ಬಡ್ಡಿ ಬೀಳಲಿಲ್ಲ. ಆದರೂ ಬ್ಯೂರೋಗೆ ಹೋದದ್ದು ಸ್ಟೇಟ್‌ಮೆಂಟ್ ದಿನದ ಮೊತ್ತ, ಅಂದರೆ ಮಿತಿಯ 80 ಪರ್ಸೆಂಟ್. ಅದೇ ಹಣದಲ್ಲಿ 220 ಡಾಲರನ್ನು 17ರೊಳಗೆ ಕಟ್ಟಿದ್ದರೆ ಹೋಗುತ್ತಿದ್ದದ್ದು 20 ಡಾಲರ್ ಮಾತ್ರ. ಮಿತಿಯ 30 ಪರ್ಸೆಂಟ್ ಒಳಗಿರಲಿ ಎಂದು ಎಲ್ಲರೂ ಹೇಳುತ್ತಾರೆ, ಹತ್ತರೊಳಗಿದ್ದರೆ ಇನ್ನೂ ಒಳ್ಳೆಯದು. ಹಾಗೆಂದು ಪ್ರತಿ ತಿಂಗಳು ಇದರ ಹಿಂದೆ ಬಿದ್ದು ನಿದ್ದೆ ಕೆಡಿಸಿಕೊಳ್ಳಬೇಡಿ. ಈಗ ಹೆಚ್ಚು ಬಳಕೆಯಲ್ಲಿರುವ ಸ್ಕೋರ್ ಮಾದರಿಗಳು ಹಳೆಯ ತಿಂಗಳುಗಳ ಬಳಕೆಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ದೊಡ್ಡ ಅರ್ಜಿ ಹಾಕುವ ಹಿಂದಿನ ಒಂದೆರಡು ತಿಂಗಳು ಎಚ್ಚರವಹಿಸಿದರೆ ಸಾಕು. ನಿದ್ದೆ ಕೆಡಿಸಿಕೊಳ್ಳಬೇಕಾದದ್ದು ತಡ ಪಾವತಿಯ ಬಗ್ಗೆ. ನಾಲ್ಕು ದಿನ ತಡವಾದರೆ ದಂಡ ಬೀಳಬಹುದು, ಬ್ಯೂರೋಗೆ ಹೋಗುವುದಿಲ್ಲ. ಮೂವತ್ತು ದಿನ ದಾಟಿದರೆ ವರದಿಯಾಗುತ್ತದೆ, ಏಳು ವರ್ಷ ಉಳಿಯುತ್ತದೆ. ಒಂದೇ ಖಾತೆ ಇರುವ ಕಡತದಲ್ಲಿ ಆ ಒಂದು ಕಲೆ ಎದ್ದು ಕಾಣುತ್ತದೆ. ಕಾರ್ಡ್ ಕೈಗೆ ಬಂದ ದಿನವೇ ಪೂರ್ತಿ ಸ್ಟೇಟ್‌ಮೆಂಟ್ ಮೊತ್ತಕ್ಕೆ ಆಟೋಪೇ ಹಾಕಿ. ‘ಕನಿಷ್ಠ ಮೊತ್ತ’ ಎಂಬ ಆಯ್ಕೆಯನ್ನು ಒತ್ತಬೇಡಿ.

ಇಲ್ಲಿ ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಿಡುತ್ತೇನೆ. ಕಾರ್ಡ್ ಬಂದು ಒಂದೆರಡು ತಿಂಗಳಲ್ಲಿ ಕ್ರೆಡಿಟ್ ಕರ್ಮದಂಥ ಉಚಿತ ಆ್ಯಪ್ ನಿಮಗೊಂದು ಸ್ಕೋರ್ ತೋರಿಸಬಹುದು, ಅದೇ ದಿನ ಬ್ಯಾಂಕ್ ನಿಮಗೆ ಸ್ಕೋರೇ ಇಲ್ಲ ಎನ್ನಬಹುದು. ಇಬ್ಬರ ಮಾತೂ ನಿಜ. ಆ ಆ್ಯಪ್‌ನದು ವಾಂಟೇಜ್‌ಸ್ಕೋರ್ ಎಂಬ ಬೇರೊಂದು ಸ್ಕೋರ್, ಅದು ಒಂದೆರಡು ತಿಂಗಳ ದಾಖಲೆಯಿಂದಲೇ ಲೆಕ್ಕ ಹಾಕುತ್ತದೆ. ಫೈಕೋ ಬರಬೇಕಾದರೆ ಕನಿಷ್ಠ ಒಂದು ಖಾತೆಗೆ ಆರು ತಿಂಗಳಾಗಿರಬೇಕು, ಕಳೆದ ಆರು ತಿಂಗಳಲ್ಲಿ ಬ್ಯೂರೋಗೆ ವರದಿಯಾದ ಖಾತೆಯೂ ಇರಬೇಕು.

ಕಾರಿನ ವಿಷಯ. ನೀವು ಡೀಲರ್ ಬಳಿಯಿಂದ ವಾಪಸ್ ಬಂದದ್ದು ಸರಿಯಾದ ನಿರ್ಧಾರ. 20,000 ಡಾಲರ್ ಸಾಲವನ್ನು ಐದು ವರ್ಷಕ್ಕೆ 15 ಪರ್ಸೆಂಟ್‌ಗೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 476 ಡಾಲರ್, ಒಟ್ಟು ಬಡ್ಡಿ ಸುಮಾರು 8,550. ಅದೇ ಸಾಲ 7 ಪರ್ಸೆಂಟ್‌ಗೆ ಸಿಕ್ಕರೆ ಕಂತು 396, ಬಡ್ಡಿ ಸುಮಾರು 3,760. ಡೀಲರ್‌ಗಳು ಹೇಳುವ ಬಡ್ಡಿಯ ಬಗ್ಗೆ ತಿಳಿದಿರಬೇಕಾದ ಸಂಗತಿಯೆಂದರೆ, ಸಾಲ ಕೊಡುವ ಸಂಸ್ಥೆ ಡೀಲರ್‌ಗೆ ಹೇಳಿದ ದರದ ಮೇಲೆ ಅವರು ತಮ್ಮ ಪಾಲನ್ನು ಸೇರಿಸಿ ನಿಮಗೆ ಹೇಳಬಹುದು. ಆದ್ದರಿಂದ ಅದು ಚೌಕಾಶಿಗೆ ಎಡೆಯಿರುವ ಸಂಖ್ಯೆ. ನನ್ನ ಸಲಹೆ ಕೇಳಿದರೆ, ಕೈಯಲ್ಲಿರುವ ಹಣಕ್ಕೆ ಸಿಗುವ ಹಳೆಯ ಕಾರೊಂದನ್ನು ಮೆಕ್ಯಾನಿಕ್‌ಗೆ ತೋರಿಸಿ ಕೊಂಡು ಒಂದು ವರ್ಷ ಓಡಿಸುವುದೇ ಅಗ್ಗದ ದಾರಿ. ಸಾಲವೇ ಬೇಕಾದರೆ ಮೊದಲು ನಿಮ್ಮ ಕಂಪನಿಯ ನೌಕರರಿಗೆ ಸದಸ್ಯತ್ವ ಕೊಡುವ ಕ್ರೆಡಿಟ್ ಯೂನಿಯನ್ ಇದೆಯೇ ನೋಡಿ. ಸಂಬಳದ ಚೀಟಿ, ವೀಸಾ ದಾಖಲೆ, ದೊಡ್ಡ ಡೌನ್ ಪೇಮೆಂಟ್ ಇದ್ದರೆ ಇತಿಹಾಸವಿಲ್ಲದವರಿಗೂ ಕೊಡುವ ಯೂನಿಯನ್‌ಗಳಿವೆ. ಮೇಲೆ ಹೇಳಿದ ವೀಸಾದ ಅಡ್ಡಿ ಎದುರಾಗುವುದು ಇಲ್ಲಿ: ನಿಮ್ಮ ವಾಸದ ಅನುಮತಿ ಮುಗಿಯುವ ದಿನಾಂಕದೊಳಗೆ ಸಾಲ ತೀರುವಂತಿರಬೇಕು ಎಂದು ಕೆಲವರು ಷರತ್ತು ಹಾಕುತ್ತಾರೆ, ಅದರಿಂದ ಅವಧಿ ಕಡಿಮೆಯಾಗಿ ಕಂತು ಏರುತ್ತದೆ. ನಾಲ್ಕಾರು ಕಡೆ ವಿಚಾರಿಸಲು ಹೆದರಬೇಡಿ. ವಾಹನ ಸಾಲಕ್ಕಾಗಿ ಹದಿನಾಲ್ಕು ದಿನಗಳೊಳಗೆ ಬಿದ್ದ ಎನ್‌ಕ್ವಯರಿಗಳನ್ನು ಫೈಕೋ ಒಂದೇ ಎಂದು ಎಣಿಸುತ್ತದೆ. ಕ್ರೆಡಿಟ್ ಕಾರ್ಡ್ ಅರ್ಜಿಗಳಿಗೆ ಈ ರಿಯಾಯಿತಿ ಇಲ್ಲ. ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ ಎಂಬುದು ಕರಾರಿನಲ್ಲಿದ್ದರೆ, ಸ್ಕೋರ್ ಬಂದ ಮೇಲೆ ಕಡಿಮೆ ಬಡ್ಡಿಗೆ ರಿಫೈನಾನ್ಸ್ ಮಾಡಿಸಿಕೊಳ್ಳಬಹುದು. ಗೆಳೆಯರೊಬ್ಬರು ನಿಮ್ಮ ಸಾಲಕ್ಕೆ ಜೊತೆಯಲ್ಲಿ ಸಹಿ ಹಾಕಲು (ಕೋ-ಸೈನ್) ಮುಂದೆ ಬಂದರೆ, ನೀವು ಕಟ್ಟದಿದ್ದಾಗ ಪೂರ್ತಿ ಸಾಲ ಅವರ ಹೆಗಲಿಗೆ ಬೀಳುತ್ತದೆ, ಅವರ ಸ್ಕೋರೂ ಹಾಳಾಗುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಿದ ಮೇಲೆಯೇ ಒಪ್ಪಿಕೊಳ್ಳಿ.

ನಿಮ್ಮ ಶ್ರೀಮತಿಯವರಿಗೆ ಸಿಪಿಎನ್ ಕೊಡಿಸುತ್ತೇವೆ ಎಂದವರ ಫೋನ್ ನಂಬರನ್ನು ಇವತ್ತೇ ಬ್ಲಾಕ್ ಮಾಡಿ. ಸಿಪಿಎನ್ ಎಂಬ ಸಂಖ್ಯೆಯನ್ನು ಯಾವ ಸರ್ಕಾರಿ ಇಲಾಖೆಯೂ ಕೊಡುವುದಿಲ್ಲ. ಅವರು ಮಾರುವುದು ಬಹುಪಾಲು ಕದ್ದ ಸೋಷಿಯಲ್ ಸೆಕ್ಯುರಿಟಿ ನಂಬರ್‌ಗಳನ್ನು, ಅವುಗಳಲ್ಲಿ ಎಷ್ಟೋ ಇನ್ನೂ ಕ್ರೆಡಿಟ್ ಕಡತವೇ ಇಲ್ಲದ ಪುಟ್ಟ ಮಕ್ಕಳವು. ಸಾಲದ ಅರ್ಜಿಯಲ್ಲಿ ಅದನ್ನು ಬರೆದರೆ ಸುಳ್ಳು ಮಾಹಿತಿ ಕೊಟ್ಟ ಫೆಡರಲ್ ಅಪರಾಧವಾಗುತ್ತದೆ. ಮೋಸ ಹೋದದ್ದು ನೀವಾದರೂ ಸಹಿ ನಿಮ್ಮದೇ ಆಗಿರುತ್ತದೆ, ಮತ್ತು ವೀಸಾದ ಮೇಲಿರುವವರಿಗೆ ಇಂಥ ಪ್ರಕರಣದ ಪರಿಣಾಮ ಬ್ಯಾಂಕಿನ ಹೊರಗೂ ಹಬ್ಬುತ್ತದೆ. ಅಪರಿಚಿತರ ಹಳೆಯ ಕಾರ್ಡಿಗೆ ಹೆಸರು ಸೇರಿಸಿಕೊಡಲು ಹಣ ಕೇಳುವವರನ್ನೂ ಇದೇ ಬಾಗಿಲಿನಿಂದ ಸಾಗಹಾಕಿ.

ಅವರಿಗೆ ನೇರ ದಾರಿಗಳೇ ಇವೆ. ಬ್ಯಾಂಕ್ ಖಾತೆ ತೆರೆಯಲು ಸೋಷಿಯಲ್ ಸೆಕ್ಯುರಿಟಿ ನಂಬರ್ ಕಡ್ಡಾಯ ಎಂದು ಕೌಂಟರಿನಲ್ಲಿ ಹೇಳಿದರೆ ಅದು ಆ ಬ್ಯಾಂಕಿನ ಪದ್ಧತಿ, ಕಾನೂನಲ್ಲ. ವಿದೇಶೀಯರ ಗುರುತಿಗೆ ಪಾಸ್‌ಪೋರ್ಟ್ ಸಂಖ್ಯೆ ಮತ್ತು ಅದನ್ನು ಕೊಟ್ಟ ದೇಶದ ಹೆಸರನ್ನು ಒಪ್ಪಿಕೊಳ್ಳಲು ಫೆಡರಲ್ ನಿಯಮ ಅವಕಾಶ ಕೊಟ್ಟಿದೆ. ಕಡತಕ್ಕಾಗಿ ನಿಮ್ಮ ಕಾರ್ಡ್ ಬಂದ ಮೇಲೆ ಅವರನ್ನು ಆಥರೈಸ್ಡ್ ಯೂಸರ್ ಆಗಿ, ಅಂದರೆ ನಿಮ್ಮ ಖಾತೆಯ ಕಾರ್ಡನ್ನು ಬಳಸಲು ಅನುಮತಿ ಪಡೆದವರಾಗಿ, ಸೇರಿಸಿ. ಹಾಗೆ ಸೇರಿಸಿದವರ ಹೆಸರಿನಲ್ಲಿಯೂ ಬ್ಯೂರೋಗೆ ವರದಿ ಹೋಗುತ್ತದೆಯೇ, ನಂಬರ್ ಇಲ್ಲದೆಯೂ ಹೋಗುತ್ತದೆಯೇ ಎಂದು ಬ್ಯಾಂಕನ್ನು ಕೇಳಿ ತಿಳಿಯಿರಿ. ಸಾಲ ತೀರಿಸುವ ಹೊಣೆ ನಿಮ್ಮದೇ ಆಗಿರುತ್ತದೆ, ಆದರೆ ನೀವು ತಡಮಾಡಿದರೆ ಕಲೆ ಇಬ್ಬರ ಕಡತಕ್ಕೂ ಬೀಳುತ್ತದೆ. ಮುಂದಿನ ವರ್ಷ ಇಬ್ಬರೂ ಸೇರಿ ತೆರಿಗೆ ರಿಟರ್ನ್ ಸಲ್ಲಿಸುವಾಗ ಡಬ್ಲ್ಯು-7 ಎಂಬ ಅರ್ಜಿಯನ್ನು ಜೊತೆಗಿಟ್ಟರೆ ತೆರಿಗೆ ಇಲಾಖೆ ಅವರಿಗೆ ಐಟಿಐಎನ್ ಎಂಬ ತೆರಿಗೆ ಗುರುತಿನ ಸಂಖ್ಯೆ ಕೊಡುತ್ತದೆ. ಅದು 9ರಿಂದ ಶುರುವಾಗುವ ಒಂಬತ್ತು ಅಂಕಿಯ ಸಂಖ್ಯೆ. ಉದ್ಯೋಗಕ್ಕೆ ಅನುಮತಿಯಲ್ಲ, ಆದರೆ ಅದರ ಮೇಲೆ ಕಾರ್ಡ್ ಕೊಡುವ ದೊಡ್ಡ ಬ್ಯಾಂಕ್‌ಗಳೂ ಇವೆ. ಅಷ್ಟರಲ್ಲಿ ‘ನನಗೆ ಆದಾಯವಿಲ್ಲವಲ್ಲ’ ಎಂದು ಅವರು ಹಿಂಜರಿಯಬೇಕಿಲ್ಲ. 21 ವರ್ಷ ತುಂಬಿದವರು ತಮಗೆ ಬಳಕೆಗೆ ಸಿಗುವ ಸಂಗಾತಿಯ ಆದಾಯವನ್ನೂ ಕಾರ್ಡ್ ಅರ್ಜಿಯಲ್ಲಿ ತೋರಿಸಬಹುದೆಂದು 2013ರಲ್ಲಿ ನಿಯಮವನ್ನು ತಿದ್ದಲಾಗಿದೆ. ಮುಂದೆಂದಾದರೂ ಉದ್ಯೋಗದ ಅನುಮತಿ ಸಿಕ್ಕಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಬಂದರೆ, ಐಟಿಐಎನ್ ಬಳಕೆ ನಿಲ್ಲಿಸಿ ತೆರಿಗೆ ಇಲಾಖೆಗೂ ಬ್ಯಾಂಕಿಗೂ ಬ್ಯೂರೋಗಳಿಗೂ ಬರೆದು ತಿಳಿಸಬೇಕು, ಇಲ್ಲವಾದರೆ ಅದುವರೆಗಿನ ಇತಿಹಾಸ ಹಳೆಯ ಸಂಖ್ಯೆಯಲ್ಲೇ ಉಳಿದುಬಿಡುತ್ತದೆ.

ಎರಡು ಮೂರು ವರ್ಷಕ್ಕೆ ಇಷ್ಟೆಲ್ಲ ಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಬೇಕು ಎಂದೇ, ಮನೆ ಕೊಳ್ಳುವ ಯೋಚನೆ ಇಲ್ಲದಿದ್ದರೂ. ಅಪಾರ್ಟ್‌ಮೆಂಟ್ ಬದಲಿಸುವಾಗ ಕೇಳುವ ಠೇವಣಿ, ಕರೆಂಟ್ ಸಂಪರ್ಕದ ಠೇವಣಿ, ಪೋಸ್ಟ್‌ಪೇಡ್ ಫೋನ್ ಎಲ್ಲಕ್ಕೂ ಇದೇ ಕಡತ ನೋಡುತ್ತಾರೆ. ಟೆಕ್ಸಾಸ್‌ನಲ್ಲಿ ಕಾರಿನ ವಿಮೆಯ ಕಂತು ನಿಗದಿಪಡಿಸಲು ಕೂಡ ಕ್ರೆಡಿಟ್ ಮಾಹಿತಿ ಬಳಸಲು ಅವಕಾಶವಿದೆ. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಇಲ್ಲ. ಒಂದು ಕಾರ್ಡಿನ ಮೇಲೆ ಇಷ್ಟು ನಡೆಯುವಾಗ ಶ್ರಮ ಹೆಚ್ಚಾಯಿತೆಂದು ನನಗೆ ಅನಿಸುವುದಿಲ್ಲ. ಆದರೆ ಸ್ಕೋರಿನ ಆಸೆಗೆ ಮೂರನೆಯ, ನಾಲ್ಕನೆಯ ಕಾರ್ಡುಗಳನ್ನು ಸೇರಿಸುತ್ತಾ ಹೋಗುವುದು ನಿಮಗೆ ಬೇಡ.

ಮರಳುವ ಕಾಲ ಬಂದಾಗ ವಾರ್ಷಿಕ ಶುಲ್ಕವಿರುವ ಕಾರ್ಡ್‌ಗಳನ್ನು ಮುಚ್ಚಿ, ಶುಲ್ಕವಿಲ್ಲದ ಒಂದನ್ನು ಉಳಿಸಿಕೊಳ್ಳಬಹುದು. ಬ್ಯಾಂಕಿಗೆ ಹೊಸ ವಿಳಾಸ ತಿಳಿಸಿ, ಭಾರತದಲ್ಲಿ ಒಟಿಪಿ ಬರುವಂತೆ ಫೋನ್ ನಂಬರಿನ ವ್ಯವಸ್ಥೆ ಮಾಡಿಕೊಳ್ಳಿ. ಬಳಸದೆ ಬಿಟ್ಟ ಕಾರ್ಡನ್ನು ಬ್ಯಾಂಕೇ ಮುಚ್ಚಬಹುದು. ಚೆನ್ನಾಗಿ ನಡೆಸಿ ಮುಚ್ಚಿದ ಖಾತೆಯೂ ಹತ್ತು ವರ್ಷದವರೆಗೆ ಕಡತದಲ್ಲಿ ಉಳಿಯಬಲ್ಲದು, ಆದರೆ ಆರು ತಿಂಗಳು ಯಾವ ಖಾತೆಯ ವರದಿಯೂ ಹೋಗದಿದ್ದರೆ ಫೈಕೋ ಸ್ಕೋರ್ ಹುಟ್ಟುವುದಿಲ್ಲ. ಹೊರಡುವ ವಾರ ಮೂರೂ ಬ್ಯೂರೋಗಳಲ್ಲಿ ಕಡತಕ್ಕೆ ಫ್ರೀಜ್ ಹಾಕಿಸಿ. 2018ರಿಂದ ಇದು ಉಚಿತ. ನೀವಿಲ್ಲದಾಗ ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ತೆಗೆಯುವುದನ್ನು ಅದು ತಡೆಯುತ್ತದೆ. ಹಾಕಿಸಿದಾಗ ಕೊಟ್ಟ ಪಾಸ್‌ವರ್ಡ್ ಮತ್ತು ಪಿನ್‌ಗಳನ್ನು ಬರೆದಿಟ್ಟುಕೊಳ್ಳಿ. ಮತ್ತೆ ಬಂದು ಕಾರ್ಡಿಗೆ ಅರ್ಜಿ ಹಾಕುವ ಮುನ್ನ ಆ ಫ್ರೀಜನ್ನು ನೀವೇ ತೆಗೆಸಬೇಕಾಗುತ್ತದೆ.